ಅಳೆದು ಕೊಟ್ಟ ಊಟ

ಕಳೆದ ಡಿಸೆಂಬರಿನಲ್ಲಿ ನನ್ನ ಚಿಗವ್ವ ವಾಡಿಯಿಂದ ಪ್ಯಾಸೆಂಜರ್ ಗಾಡಿ ಹಿಡಿದು ಸೇಡಂಗೆ, ನಮ್ಮ ಮನೆಗೆ ಬಂದಳು. ಹದಿನಾಲ್ಕು ದಿನ ಇರುವುದು ಅಂತ ಮೊದಲೇ ಗೊತ್ತಾಗಿತ್ತು. ಅವಳ ಬ್ಯಾಗಿನಲ್ಲಿ ನಾಲ್ಕು ಸೀರೆ, ಸಕ್ಕರೆ ಕಾಯಿಲೆಯ ಗುಳಿಗೆಗಳು, ಪ್ರೋಟೀನ್ ಪುಡಿಯ ಎರಡು ಡಬ್ಬಿ, ಜೊತೆಗೆ ಹೈದರಾಬಾದಿನ ಆಸ್ಪತ್ರೆಯವರು ಬರೆದುಕೊಟ್ಟ ಒಂದು ಹಾಳೆ ಇದ್ದವು. ಚಿಗವ್ವನ ಎತ್ತರ ಐದು ಅಡಿ, ತೂಕ 96 ಕಿಲೋ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೊಣಕಾಲು ನೋವು. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟಿ ಎದ್ದು ಕೂರುತ್ತಿದ್ದಳು. ಹೊಟ್ಟೆಯ ಮುಕ್ಕಾಲು ಭಾಗ ತೆಗೆಯುವ ಶಸ್ತ್ರಚಿಕಿತ್ಸೆ ಮಾಡೋಣ ಎಂದು ವೈದ್ಯರು ಹೇಳಿದ್ದರು. ಅದಕ್ಕೂ ಮೊದಲು ಎರಡು ವಾರ ಈ ಹಾಳೆಯಲ್ಲಿ ಬರೆದಷ್ಟೇ ತಿನ್ನಬೇಕು.

ವಾಡಿಯ ಮನೆಯಲ್ಲಿ ಅದು ಆಗದ ಮಾತು ಅಂತ ಅವಳಿಗೆ ಗೊತ್ತಿತ್ತು. ಕಾಕಾ ಸಿಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ ಬಂದರೆ ಬಿಸಿ ರೊಟ್ಟಿ ಬೇಕು. ಮಕ್ಕಳಿಗೆ ಒಂದು ನಮೂನಿ, ಅತ್ತೆಗೆ ಇನ್ನೊಂದು ನಮೂನಿ ಅಡುಗೆ. ಒಲೆಯ ಮುಂದೆ ನಿಂತು ಮೂವತ್ತು ರೊಟ್ಟಿ ಬಡಿಯುವವಳು ಒಂದನ್ನೂ ತಿನ್ನಬಾರದು ಅಂದರೆ ಹೇಗೆ? ಅದಕ್ಕೇ ನಮ್ಮಲ್ಲಿಗೆ ಬಂದಳು. ರಜೆಯಲ್ಲಿ ಮನೆಯಲ್ಲೇ ಇದ್ದ ನಾನು ಅವಳ ಊಟದ ಉಸ್ತುವಾರಿ ವಹಿಸಿಕೊಂಡೆ. ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ದಿನಕ್ಕೆ ಸುಮಾರು 850 ಕ್ಯಾಲೊರಿ. ಮೂರು ಹೊತ್ತು ಪ್ರೋಟೀನ್ ನೀರು, ತೆಳ್ಳನೆ ಮಜ್ಜಿಗೆ, ಬೇಯಿಸಿದ ಸೊಪ್ಪು, ಬೇಳೆಕಟ್ಟು. ರೊಟ್ಟಿ ಇಲ್ಲ, ಅನ್ನ ಇಲ್ಲ, ಬೆಲ್ಲ ಇಲ್ಲ, ಬಾಳೆಹಣ್ಣೂ ಇಲ್ಲ.

ನಮ್ಮ ಅಜ್ಜಿ ಚಿಂಚೋಳಿ ತಾಲೂಕಿನ ಹಳ್ಳಿಯವಳು. ಅವಳಿಗೆ ಓದಲು ಬರುವುದಿಲ್ಲ. ನಾನು ಹಾಳೆಯನ್ನು ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಇದು ಬರಗಾಲದಾಗ ಕೊಡ್ತಿದ್ದ ಚೀಟಿ ಇದ್ದಂಗ ಅದ" ಅಂದಳು.

ನಾನು ಸಂಶೋಧನೆ ಮಾಡುತ್ತಿರುವುದು ಈ ಭಾಗದ ಬರಗಳ ಇತಿಹಾಸದ ಬಗ್ಗೆಯೇ. ಆದರೂ ಆ ಕ್ಷಣಕ್ಕೆ ನಕ್ಕು ಸುಮ್ಮನಾದೆ. ಹಸಿವಿನಿಂದ ಸಾಯುವವರಿಗೆ ಕೊಡುವ ಚೀಟಿಗೂ ತೂಕ ಹೆಚ್ಚಾದವರಿಗೆ ಕೊಡುವ ಚೀಟಿಗೂ ಏನು ಸಂಬಂಧ ಅನ್ನಿಸಿತ್ತು. ಎರಡು ವಾರ ಕಳೆಯುವುದರೊಳಗೆ ಅಜ್ಜಿಯ ಮಾತು ಎಷ್ಟು ಸರಿ, ಎಲ್ಲಿ ಸರಿಯಲ್ಲ ಎಂಬುದನ್ನು ನಾನು ಕಲಿಯಬೇಕಾಯಿತು.

ಮೊದಲು ಆ ಹಾಳೆಯ ಕಾರಣ ಹೇಳುತ್ತೇನೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಪಥ್ಯ ಅಂದರೆ ಹೇಗೂ ತೂಕ ಇಳಿಸಬೇಕಲ್ಲ, ಈಗಿನಿಂದಲೇ ಶುರು ಮಾಡಲಿ ಎಂಬ ಲೆಕ್ಕ ಅಂತ ಬಹಳ ಜನ ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ನಿಜವಾದ ಕಾರಣ ಪಿತ್ತಜನಕಾಂಗ, ನಾವು ಲಿವರ್ ಅನ್ನುವುದು. ಅದರ ಎಡಭಾಗ ಜಠರದ ಮೇಲ್ಭಾಗವನ್ನು ಮುಚ್ಚಿಕೊಂಡಿರುತ್ತದೆ. ಸಣ್ಣ ರಂಧ್ರಗಳ ಮೂಲಕ ಮಾಡುವ ಈ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಲಿವರನ್ನು ಒಂದು ಸಲಕರಣೆಯಿಂದ ಎತ್ತಿ ಹಿಡಿದು ಅದರ ಕೆಳಗೆ ಕೆಲಸ ಮಾಡಬೇಕು. ತೂಕ ಹೆಚ್ಚಿರುವವರಲ್ಲಿ ಲಿವರಿಗೆ ಕೊಬ್ಬು ತುಂಬಿ ಅದು ದೊಡ್ಡದಾಗಿ, ಭಾರವಾಗಿ, ಎತ್ತಿದರೆ ಹರಿದು ರಕ್ತ ಸುರಿಯುವಷ್ಟು ಮೆತ್ತಗಾಗಿರುತ್ತದೆ. ನಾವು ತಿಂದ ರೊಟ್ಟಿ, ಅನ್ನದ ಸಕ್ಕರೆಯ ಒಂದು ಪಾಲು ಗ್ಲೈಕೋಜೆನ್ ಎಂಬ ರೂಪದಲ್ಲಿ ಅಲ್ಲೇ ಶೇಖರವಾಗುತ್ತದೆ. ಒಂದು ಗ್ರಾಂ ಗ್ಲೈಕೋಜೆನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ರೊಟ್ಟಿ, ಅನ್ನ ನಿಲ್ಲಿಸಿದರೆ ದೇಹ ಈ ಕಣಜಕ್ಕೆ ಕೈ ಹಾಕುತ್ತದೆ. ನೀರು ಇಳಿಯುತ್ತದೆ, ಕೊಬ್ಬೂ ಕರಗುತ್ತದೆ. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ 32 ಜನರಿಗೆ 12 ವಾರ ಇಂಥ ಪಥ್ಯ ಕೊಟ್ಟು ಅಳೆದರು. ಲಿವರಿನ ಗಾತ್ರ ಸರಾಸರಿ ಶೇ. 19ರಷ್ಟು ಇಳಿದಿತ್ತು. ಆ ಇಳಿಕೆಯ ಶೇ. 80ರಷ್ಟು ಮೊದಲ ಎರಡು ವಾರದಲ್ಲೇ ಆಗಿಹೋಗಿತ್ತು. ಹದಿನಾಲ್ಕು ದಿನ ಅನ್ನುವ ಲೆಕ್ಕದ ಹಿಂದೆ ಇಂಥ ಅಳತೆಗಳಿವೆ.

ಇದನ್ನು ನಾನು ಚಿಗವ್ವನಿಗೆ ಮೊದಲ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. "ಹಾಳ್ಯಾಗ ಏನು ಬರದಾರ ಅಷ್ಟೇ ತಿನ್ನು" ಅಂದೆ.

ತಮಾಷೆಯೆಂದರೆ, ಹಾಳೆ ನಿಷೇಧಿಸಿದ ಜೋಳವೇ ಒಂದು ಕಾಲಕ್ಕೆ ಸ್ಥೂಲ ದೇಹದವರಿಗೆ ಹೇಳಿದ ಪಥ್ಯವಾಗಿತ್ತು. ಚರಕಸಂಹಿತೆಯ ಸೂತ್ರಸ್ಥಾನದ 21ನೇ ಅಧ್ಯಾಯದಲ್ಲಿ ನಿಂದೆಗೆ ಗುರಿಯಾಗುವ ಎಂಟು ಬಗೆಯ ದೇಹಗಳ ಮಾತು ಬರುತ್ತದೆ. ಅತಿ ಎತ್ತರ, ಅತಿ ಕುಳ್ಳು, ಅತಿ ಕಪ್ಪು, ಅತಿ ಬಿಳುಪು ಹೀಗೆ ಸಾಗುವ ಪಟ್ಟಿಯ ಕೊನೆಗೆ ಅತಿ ಸ್ಥೂಲ ಮತ್ತು ಅತಿ ಕೃಶ. ಆ ಎಂಟರಲ್ಲಿ ಈ ಎರಡಕ್ಕೆ ಮಾತ್ರ ಅಲ್ಲಿ ಚಿಕಿತ್ಸೆ ವಿವರಿಸಿದ್ದಾರೆ. ಸ್ಥೂಲರಿಗೆ ಹೊಟ್ಟೆ ತುಂಬಬೇಕು, ಆದರೆ ಮೈ ಬೆಳೆಯಬಾರದು ಎಂಬುದು ಅಲ್ಲಿನ ತತ್ವ. ಅದಕ್ಕಾಗಿ ಕೊಟ್ಟ ಧಾನ್ಯಗಳ ಸಾಲಿನಲ್ಲಿ ಜವೆ, ಸಾಮೆ, ಹಾರಕ, ಹೆಸರು, ಹುರುಳಿ ಇವೆ. ವ್ಯಾಖ್ಯಾನಕಾರರು ಜೋಳವೆಂದು ಗುರುತಿಸುವ 'ಜೂರ್ಣ' ಇದೆ. 'ಆಢಕಿ' ಅಂದರೆ ತೊಗರಿಯೂ ಇದೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿಯ ನಾಡಿನಲ್ಲಿ ಕೂತು ಇದನ್ನು ಓದಿದರೆ ನಮ್ಮ ಹೊಲದ ಬೆಳೆ ಪಟ್ಟಿಯನ್ನೇ ಓದಿದಂತಾಗುತ್ತದೆ. ಇದರಿಂದ ಹಳಬರೇ ಸರಿ, ಹೊಸಬರು ತಪ್ಪು ಅಂತ ವಾದಿಸುವುದು ನನ್ನ ಉದ್ದೇಶವಲ್ಲ. ಅವರ ಮುಂದಿದ್ದ ಪ್ರಶ್ನೆ ಬೇರೆ. ಹದಿನೈದನೇ ದಿನ ಲಿವರನ್ನು ಎತ್ತಿ ಹಿಡಿಯುವ ಪ್ರಶ್ನೆ ಚರಕನ ಮುಂದಿರಲಿಲ್ಲ.

ಪಥ್ಯದ ಚರ್ಚೆಗೆ ಸೇಡಂ ತಾಲೂಕು ಹೊಸದಲ್ಲ. ವಾಡಿಯಿಂದ ಬರುವಾಗ ಚಿತ್ತಾಪುರ ದಾಟಿದ ಮೇಲೆ ಮಳಖೇಡ ರೋಡ್ ನಿಲ್ದಾಣ ಸಿಗುತ್ತದೆ. ಕಾಗಿಣಾ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಉಗ್ರಾದಿತ್ಯನೆಂಬ ಜೈನ ವೈದ್ಯ 'ಕಲ್ಯಾಣಕಾರಕ' ಎಂಬ ಸಂಸ್ಕೃತ ವೈದ್ಯಗ್ರಂಥ ಬರೆದ. ಅದರ ಕೊನೆಗೆ ಸೇರಿರುವ ಹಿತಾಹಿತ ಪ್ರಕರಣದಲ್ಲಿ, ಚಿಕಿತ್ಸೆಗೆ ಮಾಂಸಾಹಾರ ಬೇಕಿಲ್ಲವೆಂಬ ತನ್ನ ವಾದವನ್ನು ನೃಪತುಂಗನ ಸಭೆಯಲ್ಲಿ ವೈದ್ಯರ ಎದುರು ಮಂಡಿಸಿದ್ದಾಗಿ ಹೇಳಿಕೊಳ್ಳುತ್ತಾನೆ. ಆ ನೃಪತುಂಗ ಅಮೋಘವರ್ಷನೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಏನು ತಿನ್ನಬೇಕು, ಏನು ಬಿಡಬೇಕು ಎಂಬುದು ಅರಮನೆಯ ಸಭೆಯಲ್ಲಿ ವಾದ ಮಾಡುವಷ್ಟು ದೊಡ್ಡ ಸಂಗತಿಯಾಗಿತ್ತು.

ಅದೇ ರಾಜಮನೆತನದ ಕೊನೆಯ ಕುಡಿ ನಾಲ್ಕನೇ ಇಂದ್ರ. 973ರಲ್ಲಿ ಮಾನ್ಯಖೇಟ ಚಾಲುಕ್ಯ ತೈಲಪನ ಪಾಲಾಯಿತು. ಗಂಗರ ಮಾರಸಿಂಹ ಇಂದ್ರನನ್ನು ಪಟ್ಟಕ್ಕೆ ತರಲು ಹೆಣಗಿ ಸೋತ. ಮುಂದೆ 982ರಲ್ಲಿ ಇಂದ್ರ ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ. ಸಲ್ಲೇಖನವೆಂದರೆ ಸರಿಯಾದ ರೀತಿಯಲ್ಲಿ ಕೃಶಗೊಳಿಸುವುದು, ದೇಹವನ್ನೂ ಕಷಾಯಗಳನ್ನೂ. ಶ್ರಾವಕಾಚಾರದ ಗ್ರಂಥಗಳು ಅದರ ಕ್ರಮ ಹೇಳುತ್ತವೆ: ಮೊದಲು ಗಟ್ಟಿ ಆಹಾರ ಬಿಡುವುದು, ಆಮೇಲೆ ಹಾಲು, ಮಜ್ಜಿಗೆಯಂಥವು, ಆಮೇಲೆ ಬಿಸಿನೀರು, ಕೊನೆಗೆ ಅದೂ ಇಲ್ಲ. ಗೋಡೆಯ ಹಾಳೆಯಲ್ಲೂ ಕ್ರಮ ಹೆಚ್ಚುಕಡಿಮೆ ಹೀಗೇ ಇತ್ತು. ಮೊದಲು ಗಟ್ಟಿ ಆಹಾರ ಕಡಿಮೆ, ಆಮೇಲೆ ಬರೀ ದ್ರವ, ಕೊನೆಯ ರಾತ್ರಿ ತಿಳಿನೀರು. ಒಂದು ಸಾವನ್ನು ಎದುರುಗೊಳ್ಳುವ ಸಿದ್ಧತೆ, ಇನ್ನೊಂದು ಇನ್ನಷ್ಟು ವರ್ಷ ಬದುಕುವ ಸಿದ್ಧತೆ. ಆದರೂ ಎರಡರಲ್ಲೂ ಒಂದು ಸಮಾನ ಅಂಶವಿದೆ: ಊಟ ಬಿಡುವವರು ತಾವೇ ಒಪ್ಪಿರಬೇಕು. ಒಪ್ಪಿಗೆಯಿಲ್ಲದ ಉಪವಾಸಕ್ಕೆ ನಮ್ಮ ಭಾಷೆಯಲ್ಲಿ ಬೇರೆ ಹೆಸರಿದೆ. ಅದನ್ನು ಹಸಿವು ಅನ್ನುತ್ತಾರೆ.

ನನ್ನ ಸಂಶೋಧನೆ ಇರುವುದು ಆ ಹಸಿವಿನ ಕಡೆ. 1876ರಿಂದ 1878ರವರೆಗಿನ ಬರ ಮದ್ರಾಸ್, ಬೊಂಬಾಯಿ ಪ್ರಾಂತ್ಯ, ಮೈಸೂರು, ಹೈದರಾಬಾದ್ ಸಂಸ್ಥಾನ ಎಲ್ಲವನ್ನೂ ಸುಟ್ಟಿತು. ಬಳ್ಳಾರಿ, ಕಲಾದಗಿ ಕಡೆ ಊರಿಗೆ ಊರೇ ಖಾಲಿಯಾದವು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲೇ ಶುರುವಾಗಿತ್ತು. ಹಳಿ ಇತ್ತು ಅನ್ನುವ ಕಾರಣಕ್ಕೆ ಕೈಯಲ್ಲಿ ಕಾಸಿಲ್ಲದವನ ಮನೆಗೆ ಕಾಳು ಬರಲಿಲ್ಲ. ಆಗ ವೈಸರಾಯ್ ಸರ್ಕಾರ ಖರ್ಚು ಹಿಡಿತಕ್ಕೆ ತರಲು ಸರ್ ರಿಚರ್ಡ್ ಟೆಂಪಲ್‌ನನ್ನು ಕಳಿಸಿತು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಪುಡಿಗಾಸು ಸಾಕು ಎಂದು ಅವನು 1877ರಲ್ಲಿ ಗೊತ್ತು ಮಾಡಿದ. ಇತಿಹಾಸದಲ್ಲಿ ಅದು 'ಟೆಂಪಲ್ ಕೂಲಿ' ಎಂದೇ ಕುಖ್ಯಾತ. ಮದ್ರಾಸಿನ ನೈರ್ಮಲ್ಯ ಕಮಿಷನರ್ ಡಬ್ಲ್ಯು. ಆರ್. ಕಾರ್ನಿಷ್, ಇಷ್ಟರಲ್ಲಿ ದುಡಿಯುವವರು ಬದುಕುವುದಿಲ್ಲ ಎಂದು ಲೆಕ್ಕ ಸಮೇತ ಪ್ರತಿಭಟಿಸಿದ. ಕೆಲವೇ ತಿಂಗಳಲ್ಲಿ ಮದ್ರಾಸ್ ಸರ್ಕಾರ ಕೂಲಿಯನ್ನು ಮತ್ತೆ ಏರಿಸಬೇಕಾಯಿತು.

ಕೂಲಿಗಿಂತ ಹೆಚ್ಚು ನನ್ನನ್ನು ಕಾಡುವುದು ಅದರ ಹಿಂದಿದ್ದ 'ಪರೀಕ್ಷೆ' ಎಂಬ ಪದ. ಬಂದವನು ನಿಜವಾಗಿ ಹಸಿದಿದ್ದಾನೋ, ಸೋಮಾರಿಯೋ ಎಂದು ತಿಳಿಯಲು ಅವನನ್ನು ಊರಿನಿಂದ ಹತ್ತು ಮೈಲಿ ದೂರದ ಶಿಬಿರಕ್ಕೆ ನಡೆಸುತ್ತಿದ್ದರು. ಅದು ದೂರದ ಪರೀಕ್ಷೆ. ಅಲ್ಲಿ ಕಲ್ಲು ಒಡೆಯಬೇಕು, ಅದು ದುಡಿಮೆಯ ಪರೀಕ್ಷೆ. ಪಾಸಾದವನಿಗೆ ಊಟ. ಅಳೆದು ಕೊಡುವವನಿಗೆ ಹಸಿದವನ ಮೇಲೆ ನಂಬಿಕೆ ಇರಲಿಲ್ಲ.

ಅಳತೆಯೇ ಕೆಟ್ಟದ್ದು ಅಂತಲ್ಲ. ಚಿತ್ತಾಪುರದ ಪಕ್ಕದ ನಾಗಾವಿಗೆ ಹೋದರೆ ಚಾಲುಕ್ಯರ ಕಾಲದ ಘಟಿಕಾಸ್ಥಾನದ ಅವಶೇಷಗಳಿವೆ. 1058ರ ಅಲ್ಲಿನ ಶಾಸನ ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ ಇನ್ನೂ ಐವತ್ತಕ್ಕೂ ಹೆಚ್ಚು ಜನ, ಅವರ ಅಧ್ಯಾಪಕರು, ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು, ಇವರಿಗಾಗಿ ಬಿಟ್ಟ ದತ್ತಿಯನ್ನು ಹೇಳುತ್ತದೆ. ಅಲ್ಲೂ ತಲೆ ಎಣಿಸಿ ಪಾಲು ಹಂಚಿದ್ದಾರೆ. ಓದುವವನಿಗೆ ಹೊಟ್ಟೆಯ ಚಿಂತೆ ಇರಬಾರದು ಎಂಬುದು ಅಲ್ಲಿಯ ಲೆಕ್ಕದ ಉದ್ದೇಶ. (ಯಾರಿಗೆ ಆ ಬಾಗಿಲು ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದು ಬೇರೆಯೇ ಪ್ರಬಂಧದ ವಿಷಯ.)

ಅಜ್ಜಿ ಹೇಳಿದ ಚೀಟಿ ಇಷ್ಟು ಹಳೆಯದಲ್ಲ. ಅದು 1972ರ ಬರದ್ದು. ಅಜ್ಜ ಆಗ ಶಹಾಬಾದಿನ ಫರ್ಶಿ ಖಣಿಯಲ್ಲಿ ಕೆಲಸಕ್ಕಿದ್ದ. ಮಳೆ ಹೋಗಿ ಹೊಲ ಬಿರುಕು ಬಿಟ್ಟಾಗ ಅಜ್ಜಿ ಬರದ ಕಾಮಗಾರಿಯಲ್ಲಿ ಜಲ್ಲಿ ಒಡೆದಳು. ಪರದೇಶದಿಂದ ಬಂದ ಕೆಂಪು ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಅಂತ ಈಗಲೂ ಹೇಳುತ್ತಾಳೆ. ಚಿಗವ್ವ ಹುಟ್ಟಿದ್ದು ಅದಾದ ಎರಡು ವರ್ಷಕ್ಕೆ. ಹಾಗಾಗಿ ಅವಳನ್ನು ಅಜ್ಜಿ ಬೆಳೆಸಿದ್ದು ಬರದ ಭಯದಲ್ಲೇ. "ಇನ್ನೊಂದ್ ತಿನ್ನು" ಅನ್ನುವುದೇ ಮುದ್ದು. ಮೈ ತುಂಬಿಕೊಂಡ ಮಗಳು ಅಂದರೆ ಆ ಮನೆಯಲ್ಲಿ ಉಣ್ಣಲು ಇದೆ ಅಂತ ಊರಿಗೆ ಗೊತ್ತಾಗುವ ರುಜುವಾತು. ನಲವತ್ತು ವರ್ಷದ ನಂತರ ಅದೇ ಮೈಯನ್ನು ನೋಡಿ ಜನ "ಬಾಯಿ ಕಟ್ಟಲಾಕ ಬರಂಗಿಲ್ಲ" ಅನ್ನತೊಡಗಿದರು.

ಪಥ್ಯದ ಐದನೇ ದಿನದಿಂದ ಚಿಗವ್ವ ಹೊಸದೊಂದು ಚಾಳಿ ಶುರು ಮಾಡಿದಳು. ಮಧ್ಯಾಹ್ನವೆಲ್ಲ ಫೋನಿನಲ್ಲಿ ಅಡುಗೆಯ ವಿಡಿಯೋ ನೋಡುವುದು. ಶೇಂಗಾ ಹೋಳಿಗೆ, ಝುಣಕ, ಎಣ್ಣೆಗಾಯಿ. ನನಗೆ ಸಿಟ್ಟು ಬಂತು. ಆಮೇಲೆ ನೆನಪಾಯಿತು, ಇದನ್ನು ನಾನು ಓದಿದ್ದೇನೆ! 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧಕ್ಕೆ ಹೋಗಲೊಪ್ಪದ 36 ತರುಣರನ್ನು ಅವರ ಒಪ್ಪಿಗೆಯಿಂದಲೇ 24 ವಾರ ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ಮಾಡಿದ. ಯುದ್ಧ ಮುಗಿದ ಮೇಲೆ ಹಸಿದ ಯುರೋಪಿಗೆ ಹೇಗೆ ಉಣಿಸಬೇಕು ಎಂದು ತಿಳಿಯುವುದು ಉದ್ದೇಶ. ತೂಕದ ಕಾಲು ಭಾಗ ಇಳಿದ ಆ ಹುಡುಗರು ಊಟದ ಕನಸು ಕಂಡರು, ಅಡುಗೆ ಪುಸ್ತಕ ಸಂಗ್ರಹಿಸಿದರು, ಸಣ್ಣ ಮಾತಿಗೂ ಸಿಡುಕಿದರು. ಹಸಿವು ಸ್ವಭಾವವನ್ನೇ ಬದಲಿಸುತ್ತದೆ, ಅದು ಮನೋಬಲದ ಕೊರತೆಯಲ್ಲ ಎಂಬುದಕ್ಕೆ ಅದು ದೊಡ್ಡ ಸಾಕ್ಷಿ. ಅದೇ ವಿಶ್ವವಿದ್ಯಾಲಯದ ಶಸ್ತ್ರವೈದ್ಯರಾದ ಕ್ರೆಮೆನ್ ಮತ್ತು ಲಿನ್ನರ್ 1954ರಲ್ಲಿ, ಕರುಳಿನ ಭಾಗವನ್ನು ಬಿಟ್ಟು ಜೋಡಿಸಿ ತೂಕ ಇಳಿಸುವ ಪ್ರಯೋಗಗಳನ್ನು ಪ್ರಕಟಿಸಿದರು. ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಇತಿಹಾಸ ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಆ ತರುಣರಿಗೆ ಸಿಕ್ಕಿದ್ದು ದಿನಕ್ಕೆ ಸರಾಸರಿ 1,570 ಕ್ಯಾಲೊರಿ. ಟೆಂಪಲ್ಲನ ಒಂದು ಪೌಂಡ್ ಧಾನ್ಯವೂ ಹತ್ತಿರ ಹತ್ತಿರ 1,600. ನಮ್ಮ ಗೋಡೆಯ ಮೇಲಿದ್ದುದು 850. ಬರೀ ಅಂಕಿ ನೋಡಿದರೆ ಚಿಗವ್ವನದೇ ಅತಿ ಕ್ರೂರ ಪಡಿ. ಆದರೆ ಅವಳು ಕಲ್ಲು ಒಡೆಯಬೇಕಿರಲಿಲ್ಲ, ಮೈಯಲ್ಲಿ ಶೇಖರ ಇತ್ತು, ಪ್ರೋಟೀನು ವಿಟಮಿನ್ನುಗಳನ್ನು ಲೆಕ್ಕ ಹಾಕಿ ಕೊಟ್ಟಿದ್ದರು, ಹದಿನಾಲ್ಕನೇ ದಿನಕ್ಕೆ ಮುಗಿಯುತ್ತಿತ್ತು, ಕೇಳಿದರೆ ಉತ್ತರಿಸುವ ವೈದ್ಯರಿದ್ದರು. ಇಷ್ಟೆಲ್ಲ ಇದ್ದಾಗ ಮಾತ್ರ 850 ಎಂಬ ಅಂಕಿ ಚಿಕಿತ್ಸೆಯಾಗುತ್ತದೆ. ಇವುಗಳಲ್ಲಿ ಒಂದನ್ನು ನಾನೇ ಕಿತ್ತುಕೊಂಡೆ.

ಒಂಬತ್ತನೇ ದಿನ ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಆ ದಿನ ಮನೆಯಲ್ಲಿ ಯಾರೂ ಕೂರುವುದಿಲ್ಲ. ಹೊಲಕ್ಕೆ ಹೋಗಿ ಭೂಮಿತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಬನ್ನಿ ಗಿಡದ ನೆರಳಲ್ಲಿ ಎಲ್ಲರೂ ಉಣ್ಣುವುದು. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಅಂಬಲಿ. ಚಿಗವ್ವನೂ ಬಂದಳು. ಅವಳಿಗೆ ಮಜ್ಜಿಗೆಯ ಬಾಟಲಿ ಕಟ್ಟಿಕೊಟ್ಟಿದ್ದೆ. ಜೋಳ ತೆನೆ ಹಿರಿಯುವ ಹೊತ್ತಿನ ಹೊಲ, ಸುತ್ತಲೂ ಬೀಗರು ಬಿಜ್ಜರು. ಯಾರೋ "ಹಬ್ಬದ ದಿನ ಹೊಲದಾಗ ಉಪಾಸ ಇರಬಾರದವ್ವ" ಅಂದರು. ನಾನು ತಿರುಗಿ ನೋಡುವಷ್ಟರಲ್ಲಿ ಅವಳ ಕೈಯಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಇತ್ತು.

ಎಲ್ಲರೆದುರೇ ನಾನು, "ಇಷ್ಟೂ ತಡಕೊಳ್ಳಲಾಕ ಆಗಂಗಿಲ್ಲಂದ್ರ ಆಪರೇಷನ್ ಯಾಕ ಬೇಕಿತ್ತು ನಿನಗ?" ಅಂದೆ. ಅವಳು ರೊಟ್ಟಿಯನ್ನು ಕೆಳಗಿಟ್ಟಳು. ಏನೂ ಮಾತಾಡಲಿಲ್ಲ.

ಮರುದಿನ ಅವಳು ಏನನ್ನೂ ತಿನ್ನಲಿಲ್ಲ ಅಂತ ನನಗೆ ಗೊತ್ತಾಗಿದ್ದು ರಾತ್ರಿ. ಹಿಂದಿನ ದಿನದ ತಪ್ಪು ತೀರಿಸಲು ಪ್ರೋಟೀನ್ ನೀರನ್ನೂ ಬಚ್ಚಲಿಗೆ ಚೆಲ್ಲಿದ್ದಳು. ಸಕ್ಕರೆಯ ಗುಳಿಗೆ ಮಾತ್ರ ತಪ್ಪದೆ ನುಂಗಿದ್ದಳು. ರಾತ್ರಿ ಒಂದು ಗಂಟೆಗೆ ಅಜ್ಜಿ ನನ್ನನ್ನು ಎಬ್ಬಿಸಿದಳು. ಚಿಗವ್ವನ ಮೈ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 58. ಎರಡು ವಾರದಿಂದ ಅಟ್ಟದ ಮೇಲಿಟ್ಟಿದ್ದ ಸಕ್ಕರೆ ಡಬ್ಬಿ ಇಳಿಸಿ, ನೀರಲ್ಲಿ ಕಲಸಿ ಕುಡಿಸಿದೆವು. ಕಾಲು ಗಂಟೆಗೆ ಅವಳು ಚೇತರಿಸಿಕೊಂಡಳು. ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ಸಕ್ಕರಿ ಕುಡಿಸೀರಿ, ಡಾಕ್ಟರಿಗಿ ಗೊತ್ತಾದ್ರ ಆಪರೇಷನ್ ಮಾಡ್ತಾರೋ ಇಲ್ಲೋ?"

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ದಫ್ತರಗಳಲ್ಲಿ ಓದಿ ಸಿಟ್ಟಾಗುತ್ತಿದ್ದ ಪರೀಕ್ಷೆಯನ್ನು ನನ್ನ ಮನೆಯಲ್ಲಿ ನಾನೇ ಇಟ್ಟಿದ್ದೆ. ಪಥ್ಯ ಮಾಡಿದರೆ ಯೋಗ್ಯಳು, ತಪ್ಪಿದರೆ ಅಲ್ಲ. ಚಿಗವ್ವನೂ ಹಾಗೇ ನಂಬಿ, ಪಾಸಾಗುವ ಆಸೆಗೆ ಜೀವವನ್ನೇ ಪಣಕ್ಕಿಟ್ಟಿದ್ದಳು.

ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಗುಳಿಗೆಯ ಪ್ರಮಾಣ ಇಳಿಸಿದರು, ದಿನಕ್ಕೆ ಮೂರು ಸಲ ಸಕ್ಕರೆ ನೋಡಿ ಬರೆದಿಡಲು ಹೇಳಿದರು, ಪಥ್ಯವನ್ನು ಐದು ದಿನ ಮುಂದುವರಿಸಿ ಶಸ್ತ್ರಚಿಕಿತ್ಸೆಯ ದಿನವನ್ನೂ ಅಷ್ಟೇ ಮುಂದೂಡಿದರು. ಪಥ್ಯದ ಉಸ್ತುವಾರಿಯ ಹೆಣ್ಣುಮಗಳು ಚಿಗವ್ವನ ಜೊತೆ ಮಾತಾಡುವಾಗ "ತಪ್ಪೇನಾದರೂ ಮಾಡಿದಿರಾ?" ಅಂತ ಕೇಳಲಿಲ್ಲ. "ಯಾವ ಹೊತ್ತಿಗೆ ಹೆಚ್ಚು ಹಸಿವಾಗುತ್ತದೆ?" ಅಂತ ಕೇಳಿದರು. ಚಿಗವ್ವ ಅರ್ಧ ಗಂಟೆ ಮಾತಾಡಿದಳು.

ಆಮೇಲೆ ಓದಿದಾಗ ತಿಳಿಯಿತು, ಈ ಜಗಳ ಇಲ್ಲಿಗಷ್ಟೇ ಸೀಮಿತವಲ್ಲ. ಅಮೆರಿಕದಲ್ಲಿ ವಿಮಾ ಕಂಪನಿಗಳು ಶಸ್ತ್ರಚಿಕಿತ್ಸೆಯ ಖರ್ಚು ಕೊಡುವ ಮೊದಲು ತಿಂಗಳುಗಟ್ಟಲೆ ಪಥ್ಯ ಮಾಡಿ ತೂಕ ಇಳಿಸಿ ತೋರಿಸಿ ಎಂದು ಷರತ್ತು ಹಾಕುತ್ತಿದ್ದವು. ಅಲ್ಲಿನ ಬೇರಿಯಾಟ್ರಿಕ್ ಶಸ್ತ್ರವೈದ್ಯರ ಸಂಘ 2016ರಲ್ಲಿ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ, ಇದು ತಾರತಮ್ಯ ಎಂದು ಹೇಳಿಕೆ ಕೊಟ್ಟಿತು. ಲಿವರ್ ಇಳಿಸಲು ಎರಡು ವಾರದ ಪಥ್ಯ ಬೇರೆ, ಯೋಗ್ಯತೆ ಅಳೆಯಲು ಆರು ತಿಂಗಳ ಪಥ್ಯ ಬೇರೆ. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಉಳಿದ ದಿನಗಳಲ್ಲಿ ನಾನು ಗೋಡೆಯ ಹಾಳೆಯ ಪಕ್ಕ ಇನ್ನೊಂದು ಹಾಳೆ ಅಂಟಿಸಿದೆ. ಅದರಲ್ಲಿ ಲಿವರಿನ ಚಿತ್ರ ಬರೆದು, ಜಠರ ಎಲ್ಲಿದೆ, ವೈದ್ಯರು ಎಲ್ಲಿಂದ ಕೈ ಹಾಕುತ್ತಾರೆ ಅಂತ ಚಿಗವ್ವನಿಗೂ ಅಜ್ಜಿಗೂ ವಿವರಿಸಿದೆ. ಅಜ್ಜಿ ಬಹಳ ಹೊತ್ತು ನೋಡಿ, "ಇದನ್ನ ಮೊದಲೇ ಹೇಳಬೇಕಿಲ್ಲೇನು?" ಅಂದಳು. ಅಂದಿನಿಂದ "ಇನ್ನೊಂದ್ ತಿನ್ನು" ಅನ್ನುವುದನ್ನು ಬಿಟ್ಟು, ಹೊತ್ತು ಹೊತ್ತಿಗೆ ಮಜ್ಜಿಗೆ ಕಡೆದು ತಾನೇ ತಂದುಕೊಡತೊಡಗಿದಳು. ತಾನೂ ಒಂದು ಲೋಟ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು.

ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಚಿಗವ್ವ ಈಗ ವಾಡಿಯಲ್ಲಿದ್ದಾಳೆ. ಒಂದು ಸಲಕ್ಕೆ ಅರ್ಧ ಬಟ್ಟಲು ಉಣ್ಣುತ್ತಾಳೆ, ರಾತ್ರಿ ಎದ್ದು ಕೂರುವುದು ನಿಂತಿದೆ. ನಾನು ನನ್ನ ಪ್ರಬಂಧದಲ್ಲಿ ಟೆಂಪಲ್ ಕೂಲಿಯ ಅಧ್ಯಾಯಕ್ಕೆ ಮರಳಿದ್ದೇನೆ. ಮೊದಲಿನ ಕರಡಿನಲ್ಲಿ ಪೌಂಡು, ಆಣೆ, ಕ್ಯಾಲೊರಿಗಳ ಕೋಷ್ಟಕವಷ್ಟೇ ಇತ್ತು. ಈಗ ಅದರ ಪಕ್ಕ ಮೂರು ಪ್ರಶ್ನೆ ಬರೆದುಕೊಂಡಿದ್ದೇನೆ: ಈ ಅಳತೆ ಯಾತಕ್ಕೆ, ಎಷ್ಟು ದಿನಕ್ಕೆ, ಉಣ್ಣುವವರಿಗೆ ಯಾರಾದರೂ ಹೇಳಿದ್ದರೇ?